ಸರಿಯಾಗಿ ಬಿದ್ದ ತೋಳು

ತಮ್ಮ ಕಂಪನಿಯಿಂದ ಇನ್ನೂ ಹೊರಗೆ ಬಾರದ ಕೋಟು, ಪೈಪೋಟಿಯ ಎದುರು ಕಂಪನಿಯ ಅಂಗಡಿಯಲ್ಲಿ, ಗಾಜಿನ ಹಿಂದೆ ನಿಂತಿತ್ತು.

ಕತ್ತರಿ ಎಂದೇ ಎಲ್ಲರೂ ಕರೆಯುವ ಅವಳು ಮೊದಲು ಅದನ್ನು ದಾಟಿ ಹೋದಳು. ಸ್ವಲ್ಪ ಮುಂದೆ ಹೋಗಿ ನಿಂತಳು. ವಾಪಸು ಬಂದಳು. ಬೂದು ಉಣ್ಣೆ. ಅಗಲ ಕಾಲರ್. ಭುಜದಿಂದ ನೇರವಾಗಿ, ನಿರಾಳವಾಗಿ ಇಳಿದ ತೋಳು. ಇಡೀ ಚಳಿಗಾಲ ಅವಳು ಆ ತೋಳಿನ ಮುಂದೆ ಕೂತಿದ್ದಳು. ಅದರ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ನಕ್ಷೆ, ಒಂದೇ ಕಡೆ ಇತ್ತು. ಅವಳ ಹೆಗಲ ಚೀಲದಲ್ಲಿದ್ದ ಲ್ಯಾಪ್‌ಟಾಪಿನಲ್ಲಿ.

ಕಚೇರಿಯಲ್ಲಿ ಅವಳಿಗೆ ಯಾರೂ ಕೂರಲು ಹೇಳಲಿಲ್ಲ.

ಕಂಪನಿಯ ಒಡತಿ ಸುತ್ತಿ ಬಳಸಿ ಮಾತಾಡುವವರಲ್ಲ. ಕಂಪನಿಯ ಲ್ಯಾಪ್‌ಟಾಪುಗಳಿಂದ ಹೊರಗೆ ಏನೇ ಹೋದರೂ ಕಚೇರಿಯಲ್ಲಿ ದಾಖಲಾಗುತ್ತದೆ. ಕೋಟು ಅಂಗಡಿಯಲ್ಲಿ ಕಂಡ ಮೇಲೆ ಅದನ್ನು ತೆಗೆದು ನೋಡಿದ್ದರು. ಹೋದ ತಿಂಗಳು ಒಂದು ಮಧ್ಯಾಹ್ನ, ಕತ್ತರಿ ಮನೆಯಿಂದ ಕೆಲಸ ಮಾಡುತ್ತಿದ್ದ ದಿನ, ಕೋಟಿನ ಫೈಲು ಅವಳ ಯಂತ್ರದಿಂದ ಎದುರು ಕಂಪನಿಗೆ ಹೋಗಿತ್ತು.

“ನಾನು ಕಳಿಸಿಲ್ಲ,” ಎಂದಳು ಕತ್ತರಿ.

“ಲ್ಯಾಪ್‌ಟಾಪ್ ನಿಂದು. ಪಾಸ್‌ವರ್ಡ್ ನಿಂದು. ಮನೆ ನಿಂದು,” ಎಂದರು ಒಡತಿ. “ನಾಳೆ ಬೆಳಗ್ಗೆ ಮೀಟಿಂಗ್. ಮನೆಯಿಂದಲೇ ಸೇರ್ಕೋ. ಹೇಳೋದೇನಾದ್ರೂ ಇದ್ರೆ ಅಲ್ಲಿ ಹೇಳು. ಇಲ್ಲಾಂದ್ರೆ ಪೊಲೀಸರ ಹತ್ರ ಹೋಗ್ತೀನಿ. ಆಮೇಲೆ ಈ ಊರಲ್ಲಿ ಯಾವ ಕಂಪನಿನೂ ನಿನ್ನ ಒಳಗೆ ಬಿಟ್ಕೊಳ್ಳಲ್ಲ.”

ಲ್ಯಾಪ್‌ಟಾಪಿನಲ್ಲಿ ಇದ್ದದ್ದೆಲ್ಲದರ ನಕಲು ತೆಗೆದುಕೊಂಡು ಅದನ್ನು ಅವಳಿಗೇ ಹಿಂದಿರುಗಿಸಿದರು. ಇನ್ನು ಏನು ಅಳಿಸಿದರೂ ಉಪಯೋಗವಿಲ್ಲ ಎಂಬುದು ಅದರ ಅರ್ಥ.

ಬಾಗಿಲ ಬಳಿ ಮಾಸ್ಟರ್ ನಿಂತಿದ್ದರು. ಕಂಪನಿಯ ಅತ್ಯಂತ ಹಳೆಯ ಪ್ಯಾಟರ್ನ್ ಕೆಲಸಗಾರರು. ಕತ್ತರಿಗೆ ಕೆಲಸ ಕಲಿಸಿದವರು.

“ಅವಳು ಅಂಥವಳಲ್ಲ ಮೇಡಂ,” ಎಂದರು ಅವರು. ಅಲ್ಲಿದ್ದವರಲ್ಲಿ ಹಾಗೆಂದವರು ಅವರೊಬ್ಬರೇ.

*

ಮನೆಗೆ ಬಂದು ಕತ್ತರಿ ಮಾಡಿದ ಮೊದಲ ಕೆಲಸ ಗೂಬೆಗೆ ಫೋನ್ ಮಾಡಿದ್ದು.

ಇಬ್ಬರೂ ಒಂದೇ ಹಾಸ್ಟೆಲಿನವರು. ಒಬ್ಬಳು ಎಲ್ಲರ ಹಳೆ ಬಟ್ಟೆ ಕತ್ತರಿಸಿ ಹೊಸದು ಹೊಲಿಯುತ್ತಿದ್ದಳು. ಇನ್ನೊಬ್ಬಳು ದುಂಡು ಕನ್ನಡಕ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದಳು. ಹೆಸರುಗಳು ಆಗ ಅಂಟಿದವು. ಗೂಬೆ ಈಗ ಬೇರೆ ಊರಿನಲ್ಲಿ ಒಂದು ಸಹಾಯವಾಣಿಯಲ್ಲಿ ಕೆಲಸ ಮಾಡುತ್ತಾಳೆ. ಯಾರದೋ ಕಂಪ್ಯೂಟರ್ ಕೆಟ್ಟಿದೆ ಎಂದರೆ ಸ್ಕ್ರೀನ್ ಶೇರಿಂಗ್‌ನಲ್ಲಿ ಅವರ ಪರದೆಯನ್ನು ತನ್ನ ಪರದೆಗೆ ತಂದುಕೊಂಡು ಸರಿಮಾಡುತ್ತಾಳೆ. ದಿನವಿಡೀ ಅಪರಿಚಿತರ ಪರದೆಯೊಳಗೆ ಓಡಾಡುವ ಕೆಲಸ. ಮುಖ ಕಾಣುವುದಿಲ್ಲ. ಅವರ ಕೈ ಮಾತ್ರ ಕಾಣುತ್ತದೆ, ಒಂದು ಸಣ್ಣ ಬಾಣದ ರೂಪದಲ್ಲಿ.

“ಅತ್ತಿದೀಯಾ?” ಎಂದು ಕೇಳಿದಳು ಗೂಬೆ.

“ಇಲ್ಲ. ಕೋಪ ಬಂದಿದೆ.”

“ಒಳ್ಳೇದು. ಅಳೋರಿಗೆ ಪಾಸ್‌ವರ್ಡ್ ನೆನಪಿರಲ್ಲ. ಸ್ಕ್ರೀನ್ ಕೊಡು.”

ಕತ್ತರಿ ಸ್ಕ್ರೀನ್ ಶೇರಿಂಗ್ ಪ್ರೋಗ್ರಾಂ ತೆರೆದಳು. ಸಂಪರ್ಕದ ಸಂಖ್ಯೆಯನ್ನು ಒಂದೇ ಉಸಿರಿಗೆ ಓದಿ ಹೇಳಿದಳು. ಮೌಸು ಹಿಡಿಯಲು ಅನುಮತಿ ಕೊಡು ಎಂದು ಗೂಬೆ ಹೇಳುವ ಮೊದಲೇ ಕೊಟ್ಟೂ ಆಗಿತ್ತು.

ಗೂಬೆಯ ಕೈ ಒಂದು ಕ್ಷಣ ನಿಂತಿತು.

“ಈ ಲ್ಯಾಪ್‌ಟಾಪ್ ಮುಟ್ಟೋರು ಯಾರ್ಯಾರು?”

“ನಾನೇ. ಮಗಳಿಗೆ ಕೈ ಹಚ್ಚಬೇಡ ಅಂದಿದೀನಿ. ಗಂಡ ಕೆಲಸದ ಮೇಲೆ ಊರಲ್ಲಿಲ್ಲ, ಎರಡು ತಿಂಗಳಾಯ್ತು.”

“ಬ್ರೌಸರ್‌ನಲ್ಲಿ ಯಾರೋ ನೋಡಿದ್ದನ್ನೆಲ್ಲ ಅಳಿಸ್ತಾ ಬಂದಿದಾರೆ. ನೀನಾ?”

ಕತ್ತರಿ ಪರದೆಯನ್ನು ನೋಡಿದಳು. “ನಾನಲ್ಲ.” ಕತ್ತು ತಿರುಗಿಸಿ ಮೈದುನನನ್ನು ಕೂಗಿದಳು. “ಏಯ್, ಬಾ ಇಲ್ಲಿ.”

*

ಮೈದುನ ಬಂದು ಬಾಗಿಲಿಗೆ ಒರಗಿದ. ಅಣ್ಣನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದ. ಹುಡುಕುವ ಕೆಲಸ ಅವನಿಗೆ ಒಗ್ಗಿಹೋಗಿತ್ತು.

“ನನ್ನ ಲ್ಯಾಪ್‌ಟಾಪ್ ತೆಗೀತೀಯೇನೋ?”

“ಯಾವಾಗ್ಲೋ ಒಂದ್ಸಲ ಅತ್ತಿಗೆ.”

“ಏನು ನೋಡ್ತೀಯ?”

“ಎಲ್ಲರ ಮುಂದೆ ಹೇಳ್ಬೇಕಾ?”

“ಇಲ್ಲಿ ಎಲ್ಲರೂ ಎಲ್ಲಿದಾರೆ? ನಾನಿದೀನಿ. ಫೋನಲ್ಲಿ ಗೂಬೆ ಇದಾಳೆ.”

“ಆ ಗೂಬೆಗೂ ಕಿವಿ ಇದೆಯಲ್ಲ.”

“ಇದೆ,” ಎಂದಿತು ಫೋನು. “ಆದ್ರೆ ದಿನಾ ಇಂಥದ್ದು ಕೇಳೀ ಕೇಳೀ ಮರಗಟ್ಟಿದೆ. ಹೇಳಪ್ಪ.”

ಮೈದುನ ನೆತ್ತಿಯ ಮೇಲೆ ಕೈ ಆಡಿಸಿಕೊಂಡ. “ಕೂದಲು ನಾಟಿ ಮಾಡ್ತಾರಂತೆ. ಎಲ್ಲಿ ಮಾಡ್ತಾರೆ, ನೋವಾಗುತ್ತಾ, ಅದು.”

ಯಾರೂ ನಗಲಿಲ್ಲ. ನಗದೆ ಇದ್ದದ್ದು ಅವನಿಗೆ ಇನ್ನಷ್ಟು ಕಷ್ಟವಾಯಿತು.

“ಒಂದು ಕೆಲಸ ಮಾಡು,” ಎಂದಳು ಗೂಬೆ. “ಇಲ್ಲಿ ಕೋಟಿನ ಭಾಗಗಳಿವೆ. ತೋಳು ಯಾವುದು ತೋರಿಸು.”

ಅವನು ಪರದೆಗೆ ಮುಖ ಹತ್ತಿರ ತಂದ. ನಕ್ಷೆಯ ತುಂಡುಗಳು ಬಿಳಿ ಬಯಲಿನಲ್ಲಿ ಹರಡಿಕೊಂಡಿದ್ದವು. ಬಾಣ ಅಲ್ಲಿ ಇಲ್ಲಿ ಅಲೆದು ಕಾಲರಿನ ಮೇಲೆ ಕೂತಿತು.

“ಇದು?”

“ಅದು ಕಾಲರ್ ಕಣೋ.”

“ಹಾಗಾದ್ರೆ ಈ ಆನೆ ಕಿವಿ ಥರ ಇರೋದು?”

“ಅದೇ ತೋಳು. ಹೋಗು ನೀನು.”

ಅವನು ಹೋದ ಮೇಲೆ ಕತ್ತರಿ ಕೇಳಿದಳು. “ಅವನಲ್ಲ ಅಂತೀಯಾ?”

“ಇನ್ನೂ ಏನೂ ಅಂದಿಲ್ಲ. ಅಂಗಡೀಲಿ ಆ ಕೋಟು ನೋಡ್ದಾಗ ಮೊದಲು ಏನನ್ನಿಸ್ತು ನಿಂಗೆ? ಕದ್ದಿದಾರೆ ಅಂತಾನಾ?”

ಕತ್ತರಿ ಗಾಜಿನ ಹಿಂದಿನ ಆ ತೋಳನ್ನು ನೆನಪಿಸಿಕೊಂಡಳು.

“ಅಲ್ಲ. ಚೆನ್ನಾಗಿದೆ ಅನ್ನಿಸ್ತು. ನಮ್ಮದಕ್ಕಿಂತ ಚೆನ್ನಾಗಿದೆ. ನಮ್ಮ ಮಾದರಿ ಕೋಟನ್ನ ನಾನೇ ಕತ್ತರಿಸಿ ಹೊಲ್ಸಿದ್ದು. ಅದರ ತೋಳು ತಿರುಚ್ಕೊಳ್ಳುತ್ತೆ. ಎಷ್ಟು ದಿನದಿಂದ ಒದ್ದಾಡ್ತಿದೀನಿ, ತಪ್ಪು ಎಲ್ಲಿದೆ ಸಿಗ್ತಾ ಇಲ್ಲ. ಅವರದು ನೆಟ್ಟಗೆ ಬಿದ್ದಿದೆ ಗೂಬೆ.”

“ಅಂದ್ರೆ ಯಾರೋ ಸರಿಮಾಡಿದಾರೆ.”

“ಅವರ ಕಡೆಯವರು ಮಾಡಿರ್ತಾರೆ.”

“ಇರಬಹುದು,” ಎಂದಳು ಗೂಬೆ. “ಅಲ್ಲಿಗೆ ಹೋದ ಮೇಲೋ, ಹೋಗೋಕೆ ಮುಂಚೆಯೋ, ಅದನ್ನ ನೋಡೋಣ.”

*

ಪ್ಯಾಟರ್ನ್ ಪ್ರೋಗ್ರಾಮಿಗೆ ಒಂದು ಅಭ್ಯಾಸವಿತ್ತು. ಕೆಲಸ ಮಾಡುವವರು ಉಳಿಸಲಿ ಬಿಡಲಿ, ಅದು ಆಗಾಗ ತನ್ನ ಪಾಡಿಗೆ ಒಂದು ನಕಲು ತೆಗೆದಿಟ್ಟುಕೊಳ್ಳುತ್ತಿತ್ತು. ಕರೆಂಟು ಹೋದರೆ ಇರಲಿ ಎಂದು. ಯಾರಿಗೂ ಕಾಣದ ಒಂದು ಫೋಲ್ಡರಿನಲ್ಲಿ. ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಗೂಬೆಯ ಹೊಟ್ಟೆಪಾಡೇ ಅದು.

ಫೈಲು ಹೊರಗೆ ಹೋದ ಮಧ್ಯಾಹ್ನದ ನಕಲು ಅಲ್ಲಿತ್ತು.

ತೆರೆದಳು. ಅದೇ ತೋಳು. ಪಕ್ಕದಲ್ಲಿ ಕತ್ತರಿ ಉಳಿಸಿಟ್ಟ ತೋಳನ್ನೂ ತೆರೆದಳು. ಎರಡೂ ಒಂದೇ ಥರ ಕಂಡವು ಗೂಬೆಗೆ.

“ವ್ಯತ್ಯಾಸ ಹೇಳು,” ಎಂದಳು.

ಕತ್ತರಿಯ ಬಾಣ ನಿಧಾನವಾಗಿ ತೋಳಿನ ಅಂಚಿನಲ್ಲಿ ನಡೆಯಿತು. ಹಿಂಬದಿಯ ಏರಿನಲ್ಲಿ ನಿಂತಿತು.

“ಈ ಕಚ್ಚು,” ಎಂದಳು. ಕಚ್ಚು ಎಂದರೆ ಅಂಚಿನ ಮೇಲಿನ ಪುಟ್ಟ ಗುರುತು. ತೋಳಿನ ಯಾವ ಜಾಗ ಕೋಟಿನ ಯಾವ ಜಾಗಕ್ಕೆ ಸೇರಬೇಕು ಎಂದು ಹೊಲಿಯುವವರಿಗೆ ಅದು ಹೇಳುತ್ತದೆ. “ನಂದು ಕೆಳಗಿದೆ. ಇಲ್ಲಿ ಒಂದು ಕೂದಲೆಳೆ ಮೇಲೆ ಹೋಗಿದೆ. ಅದಕ್ಕೇ ತಿರುಚ್ತಾ ಇತ್ತು. ಅಯ್ಯೋ, ಇಷ್ಟೇನಾ.”

“ನೀನು ಸರಿಸಿದ್ದಾ?”

“ನಾನು ಸರಿಸಿದ್ರೆ ಇಷ್ಟು ದಿನ ಯಾಕೆ ಒದ್ದಾಡ್ತಿದ್ದೆ?”

“ಹಾಗಾದ್ರೆ ಯಾರೋ ನಿನ್ನ ಯಂತ್ರದಲ್ಲೇ, ಕಳಿಸೋಕೆ ಮುಂಚೆ, ಇದನ್ನ ಸರಿಮಾಡಿದಾರೆ. ಕಳಿಸಿ, ಉಳಿಸದೆ ಮುಚ್ಚಿದಾರೆ. ಗುರುತು ಉಳಿಯಲ್ಲ ಅಂದ್ಕೊಂಡು. ಇದು ನಿನ್ನ ಮೈದುನನ ಕೈಲಿ ಸಾಧ್ಯ ಇಲ್ಲ. ಹೊರಗಿನ ಯಾವ ಕಳ್ಳನೂ ಮಾಡಲ್ಲ. ಕಳ್ಳನಿಗೆ ತೋಳು ನೆಟ್ಟಗಿದ್ರೆಷ್ಟು ಸೊಟ್ಟಗಿದ್ರೆಷ್ಟು?”

ಕತ್ತರಿಯ ಬಾಣ ಎರಡು ಕಚ್ಚುಗಳ ನಡುವೆ ಹೋಗಿ ಬಂತು.

“ಇನ್ನೊಂದು. ಇದರಲ್ಲಿ ನಡುವೆ ಒಂದು ಗೆರೆ ಇದೆ. ಭುಜದ ತುದಿಯಿಂದ ಮಣಿಕಟ್ಟಿನ ತನಕ. ನಿಂದರಲ್ಲಿ ಇಲ್ಲ. ಇದೇನು?”

ಬಾಣ ಆ ಗೆರೆಯ ಮೇಲೆ ಹೋಗಿ ನಿಂತಿತ್ತು. ಕದಲಲಿಲ್ಲ.

“ಕತ್ತರಿ?”

“ಮಡಿಕೆ ಗೆರೆ,” ಎಂದಳು. ದನಿ ಬದಲಾಗಿತ್ತು. “ಕಾಗದದ ತೋಳನ್ನ ಉದ್ದಕ್ಕೆ ಮಡಚಿ, ಎರಡೂ ಅಂಚು ಕೂಡುತ್ತಾ ಅಂತ ನೋಡ್ತಾರೆ. ಹಳೇ ಪದ್ಧತಿ.”

“ಪರದೆ ಮೇಲೆ ಅದು ಬೇಕಾ?”

“ಬೇಡ. ಕಂಪ್ಯೂಟರ್ ಅಳತೆ ತಾನೇ ಹೇಳುತ್ತೆ. ಯಾರೂ ಗೆರೆ ಎಳೆಯಲ್ಲ.” ಬಾಣವನ್ನು ಗೆರೆಯಿಂದ ಆಚೆಗೆ ಸರಿಸಿದಳು. “ಸಾಕು ಬಿಡು ಗೂಬೆ. ನಾಳೆ ನಾನೇ ಒಪ್ಕೊಂಡ್ಬಿಡ್ತೀನಿ.”

ಗೂಬೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಸ್ವಲ್ಪ ಮುಂಚೆ ಕೋಪ ಬಂದಿದೆ ಅಂದೆ. ಈಗ ಒಪ್ಕೋತೀನಿ ಅಂತೀಯ. ನಡುವೆ ಆಗಿದ್ದು ಇದೊಂದು ಗೆರೆ. ಯಾರದು ಅಂತ ನಿಂಗೊತ್ತು.”

“ನಂಗೇನೂ ಗೊತ್ತಿಲ್ಲ.”

“ಹೋದ ವರ್ಷ ನಿನ್ನ ಪ್ರಿಂಟರ್ ಸರಿಮಾಡೋಕೆ ಈ ಲ್ಯಾಪ್‌ಟಾಪಿಗೆ ನಾನು ಬಂದಿದ್ದೆ. ಆಗ ಸಂಖ್ಯೆ ಎಲ್ಲಿದೆ ಅಂತ ಹುಡುಕೋಕೇ ನಿಂಗೆ ಅರ್ಧ ಕಾಫಿ ಆರಿಹೋಯ್ತು. ಇವತ್ತು ನಾನು ಕೇಳೋಕೆ ಮುಂಚೆ ಮೌಸು ಕೈಗೆ ಕೊಟ್ಟೆ. ದಿನಾ ಮಾಡೋರ ಹಾಗೆ. ಯಾರ್ಯಾರು ಬಂದುಹೋದ್ರು ಅಂತ ಈ ಪ್ರೋಗ್ರಾಂ ನೆನಪಿಟ್ಕೊಳ್ಳುತ್ತೆ. ಅದರಲ್ಲಿ ನನ್ನ ಹೋದ ವರ್ಷದ ಹೆಸರೂ ಇಲ್ಲ. ಎಲ್ಲ ಒರೆಸಿ ಇಟ್ಟಿದೀಯ. ದಿನಾ ಒಬ್ಬರಿಗೆ ಸ್ಕ್ರೀನ್ ಕೊಡ್ತೀಯ, ಅದನ್ನ ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಡ್ತೀಯ. ಅವರು ಕಾಗದ ಮಡಚಿ ಕೆಲಸ ಕಲಿತೋರು. ನಿಂಗೆ ಕೆಲಸ ಕಲಿಸಿದೋರು ಯಾರು?”

ಕತ್ತರಿ ಎಲ್ಲವನ್ನೂ ಹೇಳಿದಳು.

ವರ್ಷದ ಕೊನೆಗೆ, ಕಂಪ್ಯೂಟರಿನಲ್ಲಿ ನಕ್ಷೆ ಮಾಡಲು ಬರದವರನ್ನು ಮನೆಗೆ ಕಳಿಸುವುದಾಗಿ ಒಡತಿ ಹೇಳಿದ್ದರು. ಪ್ರೋಗ್ರಾಂ ಇದ್ದದ್ದು ಕತ್ತರಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಮಾಸ್ಟರ್ ಒಂದು ದಿನ ಫೋನ್ ಮಾಡಿದರು. ‘ನಂಗೂ ಸ್ವಲ್ಪ ಹೇಳ್ಕೊಡಮ್ಮ, ಯಾರಿಗೂ ಗೊತ್ತಾಗೋದು ಬೇಡ’ ಎಂದರು. ಶಿಷ್ಯೆಯಿಂದ ಕಲಿಯುವುದು ನಾಚಿಕೆ. ಅಂದಿನಿಂದ ಅವಳು ಮನೆಯಲ್ಲಿರುವ ದಿನ, ಮಧ್ಯಾಹ್ನ ಊಟಕ್ಕೆ ಹೋದಾಗ ಅವರು ತಮ್ಮ ಮನೆಯಿಂದ ಅವಳ ಪರದೆಗೆ ಬರುತ್ತಿದ್ದರು. ಮೊದಲು ಅವಳು ತೋರಿಸುತ್ತಿದ್ದಳು. ಆಮೇಲೆ ಮೌಸು ಅವರ ಕೈಗೆ ಕೊಟ್ಟು, ಶಾಲೆಯಿಂದ ಬಂದ ಮಗಳಿಗೆ ಊಟ ಹಾಕಲು ಒಳಗೆ ಹೋಗುತ್ತಿದ್ದಳು. ಅವರು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು.

“ಮಾತು ಕೊಟ್ಟಿದೀನಿ,” ಎಂದಳು ಕತ್ತರಿ. “ನಾನು ಕತ್ತರಿ ಹಿಡಿಯೋಕೆ ಕಲಿತಿದ್ದು ಅವರ ಕೈಯಿಂದ. ನನ್ನ ಬಾಯಲ್ಲಿ ಅವರ ಹೆಸರು ಬರಲ್ಲ.”

“ಬರೋದು ಬೇಡ,” ಎಂದಳು ಗೂಬೆ. “ನಾಳೆ ಮೀಟಿಂಗಿಗೆ ಅವರೂ ಬರ್ತಾರಾ?”

“ಬರ್ತಾರೆ. ಒಡತಿ ಕರೆದಿದಾರೆ.”

“ನೀನು ನಿನ್ನ ಸ್ಕ್ರೀನ್ ಕೊಡು. ಅಷ್ಟು ಸಾಕು.”

*

ಬೆಳಗ್ಗೆ ಪರದೆಯ ಅಂಚಿನಲ್ಲಿ ನಾಲ್ಕು ಪುಟ್ಟ ಚೌಕಗಳು. ಒಂದರಲ್ಲಿ ಒಡತಿ, ಕೈಕಟ್ಟಿಕೊಂಡು. ಒಂದರಲ್ಲಿ ಕತ್ತರಿ, ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು. ಒಂದರಲ್ಲಿ ಗೂಬೆಯ ಕನ್ನಡಕ. ನಾಲ್ಕನೆಯದರಲ್ಲಿ ಮಾಸ್ಟರರ ಹಣೆ ಮಾತ್ರ. ಕ್ಯಾಮೆರಾ ಎಲ್ಲಿಗೆ ತಿರುಗಿಸಬೇಕೆಂದು ಅವರಿಗೆ ಗೊತ್ತಾಗುತ್ತಿಲ್ಲ ಎಂದು ಒಡತಿ ತಿಳಿದರು.

ನಡುವೆ, ದೊಡ್ಡದಾಗಿ, ಕತ್ತರಿಯ ಪರದೆ. ಅದರಲ್ಲಿ ತೋಳು.

“ಇವರು ಯಾರು?” ಎಂದರು ಒಡತಿ, ಕನ್ನಡಕದ ಚೌಕ ನೋಡಿ.

“ನನ್ನ ಕಂಪ್ಯೂಟರ್ ನೋಡ್ಕೊಳ್ಳೋರು,” ಎಂದಳು ಕತ್ತರಿ.

“ಮೌಸು ಎಲ್ಲರ ಕೈಗೂ ಕೊಟ್ಟಿದೀನಿ,” ಎಂದಳು ಗೂಬೆ. “ಏನಾದ್ರೂ ತೋರಿಸ್ಬೇಕು ಅಂದ್ರೆ ಅನುಕೂಲ.”

“ನಂಗೆ ಈ ಮೌಸು ಗೀಸು ಬರಲ್ಲಮ್ಮ,” ಎಂದಿತು ಹಣೆ.

“ಪರವಾಗಿಲ್ಲ ಮಾಸ್ಟರ್. ನೋಡ್ತಾ ಇರಿ.”

ಗೂಬೆ ತನ್ನ ಮಾತನ್ನು ಬೇಕೆಂದೇ ಎಳೆದಳು. ಫೈಲು ಯಾವುದು, ಯಾವ ಫೋಲ್ಡರ್, ಯಾವ ದಿನ. ಒಡತಿ ಎರಡು ಸಲ ಆಕಳಿಸಿದರು. ಆಮೇಲೆ ಗೂಬೆ ತೋಳನ್ನು ಇನ್ನಷ್ಟು ದೊಡ್ಡದು ಮಾಡಿದಳು. ಹಿಂಬದಿಯ ಕಚ್ಚು ಎಲ್ಲರ ಕಣ್ಣಿಗೆ ಬೀಳುವಂತೆ ಪರದೆಯ ನಡುವೆ ತಂದು ಬಿಟ್ಟಳು.

“ಇದು ಕತ್ತರಿ ಮಾಡಿದ ತೋಳು. ಮಾದರಿ ಕೋಟಿನಲ್ಲಿ ಇದು ತಿರುಚ್ಕೊಂಡಿತ್ತು. ನಕ್ಷೆಯಲ್ಲಿ ತಪ್ಪೇನಿಲ್ಲ, ನಾನು ನೋಡಿದೆ. ತಪ್ಪು ಬಟ್ಟೇದು. ಆ ಉಣ್ಣೆ ಸರಿ ಇರಲಿಲ್ಲ.”

ಕತ್ತರಿ ಲೋಟದಿಂದ ತಲೆ ಎತ್ತಿದಳು. ಗೂಬೆ ಯಾಕೆ ಹೀಗೆ ಹೇಳಿದಳೆಂದು ಅವಳಿಗೂ ತಿಳಿಯಲಿಲ್ಲ.

“ಬಟ್ಟೆ ಏನು ಮಾಡುತ್ತೆ,” ಎಂದಿತು ಹಣೆ, ಮೆಲ್ಲಗೆ.

“ಬಟ್ಟೇದೇ ಮಾಸ್ಟರ್. ಇಂಥ ಅಗ್ಗದ ಉಣ್ಣೆಗೆ ಎಂಥ ನಕ್ಷೆ ಮಾಡಿದ್ರೂ ಅಷ್ಟೇ. ಇದನ್ನ ಹೀಗೇ ಬಿಡೋದು ವಾಸಿ.”

ಆಗ ಬಾಣ ಕದಲಿತು.

ಕತ್ತರಿಯ ಎರಡೂ ಕೈ ಲೋಟದ ಮೇಲಿದ್ದವು. ಒಡತಿ ಕೈಕಟ್ಟಿಕೊಂಡೇ ಇದ್ದರು. ಗೂಬೆ ತನ್ನ ಎರಡೂ ಅಂಗೈ ಕ್ಯಾಮೆರಾಕ್ಕೆ ಕಾಣುವಂತೆ ಎತ್ತಿ ಹಿಡಿದಳು. ಬಾಣ ಭುಜದ ತುದಿಗೆ ಹೋಯಿತು. ಗೆರೆಯ ಸಲಕರಣೆಯನ್ನು ತಡವರಿಸದೆ ಆರಿಸಿಕೊಂಡಿತು. ಭುಜದಿಂದ ಮಣಿಕಟ್ಟಿನ ತನಕ ನೇರವಾಗಿ ಒಂದು ಗೆರೆ ಎಳೆಯಿತು. ಮತ್ತೆ ಮೇಲೆ ಬಂದು, ಹಿಂಬದಿಯ ಕಚ್ಚನ್ನು ಹಿಡಿದು, ಒಂದು ಕೂದಲೆಳೆ ಮೇಲಕ್ಕೆ ಸರಿಸಿತು.

ನಿಂತಿತು.

“ಮಾಸ್ಟರ್,” ಎಂದರು ಒಡತಿ. “ನಿಮಗೆ ಇದು ಬರುತ್ತಾ?”

ಹಣೆ ಕೆಳಗೆ ಸರಿಯಿತು. ಚೌಕದಲ್ಲಿ ಮುಖ ಬಂತು. ಕ್ಯಾಮೆರಾ ತಿರುಗಿಸಲು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.

ಗೂಬೆ ಆ ಮಧ್ಯಾಹ್ನದ ನಕಲನ್ನು ಪಕ್ಕದಲ್ಲಿ ತೆರೆದಳು. ಅದೇ ಗೆರೆ. ಅದೇ ಕಚ್ಚು, ಅದೇ ಜಾಗದಲ್ಲಿ.

“ಮೇಡಂ, ನೀವು ತೆಗೆದಿಟ್ಕೊಂಡ ನಕಲಲ್ಲೂ ಇದು ಇರುತ್ತೆ, ನೋಡಿ,” ಎಂದಳು. “ಫೈಲು ಹೋಗಿದ್ದು ಈ ಯಂತ್ರದಿಂದ, ನಿಜ. ಆದ್ರೆ ಕೈ ಬೇರೆಯವರದು. ಕಳಿಸಿದವರು ಮೊದಲು ತಪ್ಪು ತಿದ್ದಿದಾರೆ. ತಿದ್ದಬೇಕು ಅಂದ್ರೆ ತಪ್ಪು ಕಾಣ್ಬೇಕು. ಅದು ಕತ್ತರಿಗೇ ಕಂಡಿರಲಿಲ್ಲ, ಕಂಡಿದ್ರೆ ಮಾದರಿ ಕೋಟು ಸೊಟ್ಟಗೆ ಬರ್ತಿರಲಿಲ್ಲ. ಮನೆಯವರಿಗೆ ತೋಳು ಯಾವುದು ಅಂತಲೇ ಗೊತ್ತಿಲ್ಲ. ತಿದ್ದಿದವರು ಗೆರೆ ಎಳೆದು ತಿದ್ದಿದಾರೆ. ಕಾಗದದಲ್ಲಿ ಕಲಿತವರು ಮಾತ್ರ ಹಾಗೆ ಮಾಡ್ತಾರೆ. ಅಂಥವರು, ಈ ಪರದೆಗೆ ಬಂದುಹೋಗೋ ದಾರಿ ಇದ್ದೋರು, ನಿಮ್ಮಲ್ಲಿ ಒಬ್ಬರೇ. ಮೌಸು ಬರಲ್ಲ ಅಂತ ಎಲ್ಲರೂ ನಂಬಿದ್ರು, ಅದಕ್ಕೆ ಯಾರೂ ಅವರ ಕಡೆ ತಿರುಗಿ ನೋಡಲಿಲ್ಲ.”

ಮಾಸ್ಟರ್ ತಮ್ಮ ಕೈ ನೋಡಿಕೊಂಡರು.

“ಆ ಭುಜ ನಂದು,” ಎಂದರು. “ಹೊಲಿಗೆ ಕಾಣದ ಹಾಗೆ ತೋಳು ಇಳಿಸೋದು ನನ್ನ ಕೈಕೆಲಸ. ಅವಳಿಗೆ ನಾನೇ ಹೇಳ್ಕೊಟ್ಟಿದ್ದು. ಕೋಟಿನ ಮೇಲೆ ಅವಳ ಹೆಸರು ಬರುತ್ತೆ ಅಂದ್ರಿ. ಬರ್ಲಿ ಅಂದ್ಕೊಂಡೆ. ಆಮೇಲೆ ನನ್ನ ಮೇಜು ತೆಗೆಸ್ತೀವಿ ಅಂದ್ರಿ. ಎದುರಿನವರು ಕರೆದ್ರು. ಕಾಗದದ ಮೇಜು ಕೊಡ್ತೀವಿ, ಕಂಪ್ಯೂಟರ್ ಮುಟ್ಟೋದು ಬೇಡ ಅಂದ್ರು. ನಿಮ್ಮ ಕೆಲಸ ಏನಾದ್ರೂ ತೋರಿಸಿ ಅಂದ್ರು. ನಂದೇ ತೋಳಲ್ವಾ ಅಂತ ಕಳಿಸ್ಬಿಟ್ಟೆ.”

“ಅವಳ ಫೈಲಲ್ಲಿ,” ಎಂದರು ಒಡತಿ. “ಅವಳ ಮನೆಯಿಂದ.”

“ಅವಳ ತಲೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಇದೆಲ್ಲ ಎಲ್ಲೂ ದಾಖಲಾಗಲ್ಲ ಅಂದ್ಕೊಂಡಿದ್ದೆ.” ಕತ್ತರಿಯ ಚೌಕದ ಕಡೆ ಅವರು ನೋಡಲಿಲ್ಲ. “ಕದ್ದೆ. ಆದ್ರೆ ಸೊಟ್ಟ ತೋಳು ಕಳಿಸೋಕೆ ಕೈ ಬರ್ಲಿಲ್ಲ.”

*

ಒಡತಿ ಪೊಲೀಸರ ಮಾತೆತ್ತಲಿಲ್ಲ. ಮಾಸ್ಟರ್ ಸಂಜೆಯೊಳಗೆ ತಮ್ಮ ಸಾಮಾನು ತೆಗೆದುಕೊಂಡು ಹೋಗಬೇಕೆಂದರು. ಕತ್ತರಿಗೆ ನಾಳೆಯಿಂದ ಬಾ ಎಂದರು. ಕ್ಷಮಿಸು ಎಂದೂ ಅಂದರು, ಕಾಗದ ಓದಿದಂತೆ. ಚೌಕಗಳು ಒಂದೊಂದಾಗಿ ಆರಿದವು.

ಪರದೆ ಇನ್ನೂ ತೆರೆದೇ ಇತ್ತು. ಗೂಬೆ ಹೊರಡಲಿಲ್ಲ.

“ನನ್ನ ಮೇಲೆ ಕೋಪನಾ?” ಎಂದಳು.

“ಇಲ್ಲ.”

“ಅವರ ಮೇಲೆ?”

ಕತ್ತರಿ ಲೋಟ ಕೆಳಗಿಟ್ಟಳು.

“ಫೈಲು ಕಳಿಸಿದ್ದಕ್ಕಲ್ಲ. ಕೇಳಿದ್ರೆ ನಾನೇ ಕೊಡ್ತಿದ್ನೇನೋ, ಗೊತ್ತಿಲ್ಲ. ಅದಾದ್ಮೇಲೂ ನಾನು ಮನೇಲಿದ್ದ ದಿನವೆಲ್ಲ ಅವರು ನನ್ನ ಸ್ಕ್ರೀನಿಗೆ ಬಂದಿದಾರೆ ಗೂಬೆ. ಪಾಠ ಹೇಳಿಸ್ಕೊಂಡಿದಾರೆ. ತೋಳು ಯಾಕೆ ಹೀಗಾಗುತ್ತೆ ಮಾಸ್ಟರ್ ಅಂತ ನಾನು ಕೇಳಿದೀನಿ, ಒಂದ್ಸಲ ಅಲ್ಲ. ನೋಡೋಣಮ್ಮ, ನೋಡೋಣ ಅಂದಿದಾರೆ.” ಅವಳ ದನಿ ಏರಲಿಲ್ಲ. “ಕಚ್ಚು ಮೇಲೆ ತಗೋ ಅಂತ ಒಂದು ಮಾತು. ಅದನ್ನ ಎದುರಿನವರಿಗೆ ಕೊಟ್ರು. ನಂಗೆ ಹೇಳ್ಲಿಲ್ಲ.”

ಗೂಬೆ ಮೌಸನ್ನು ಕತ್ತರಿಯ ಕೈಗೇ ಬಿಟ್ಟುಕೊಟ್ಟಳು.

ಕತ್ತರಿ ತನ್ನ ಫೈಲನ್ನು ಮುಂದೆ ತಂದಳು. ಸರಿಸಿದ್ದ ಕಚ್ಚನ್ನು ಅದರ ಮೊದಲಿನ ಜಾಗಕ್ಕೇ ಇಳಿಸಿದಳು. ಮಡಿಕೆ ಗೆರೆಯನ್ನು ಅಳಿಸಿದಳು. ಆಮೇಲೆ, ತಪ್ಪು ತನ್ನ ಕಣ್ಣಿಗೇ ಸಿಗಲೆಂದು, ತೋಳಿನ ಅಂಚನ್ನು ಮೊದಲಿಂದ ಅಳೆಯತೊಡಗಿದಳು. ಒಂದೊಂದೇ ಅಳತೆ, ನಿಧಾನವಾಗಿ, ಏನೂ ಗೊತ್ತಿಲ್ಲದವಳಂತೆ.